ಬಿಸಿಯಾದ ಮೇಲೆ ಸೆಲ್ಫ್ ಹೊಡೆಯದ ಹಳೆಯ ವ್ಯಾನ್: ಕಲಬುರಗಿಯಲ್ಲಿ ನನಗಾದ ಮೋಸ ನಿಮಗಾಗದಿರಲಿ

ಗಾಳಿಯಿಂದ ತಣಿಯುವ ಹಳೆಯ ಇಂಜಿನ್ನಿನ ಗಾಡಿ ಇಟ್ಟುಕೊಂಡಿರುವ ಕಲಬುರಗಿ, ಬೀದರ್, ಯಾದಗಿರಿ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಬೇಕು. ತಣ್ಣಗಿರುವಾಗ ಒಂದೇ ಸಲಕ್ಕೆ ಚಾಲೂ ಆಗುವ ಗಾಡಿ, ಓಡಿ ಬಿಸಿಯಾಗಿ ನಿಂತ ಮೇಲೆ ಚಾವಿ ತಿರುಗಿಸಿದರೆ ‘ಟಕ್’ ಎಂದಷ್ಟೇ ಸದ್ದು ಮಾಡಿ ಸುಮ್ಮನಾಗುತ್ತಿದ್ದರೆ, ಸೆಲ್ಫ್ ಮೋಟಾರ್ ಸುಟ್ಟಿದೆ ಎಂದು ಯಾರೇ ಹೇಳಲಿ, ವೋಲ್ಟ್ ಮೀಟರ್ ಹಿಡಿದು ತೋರಿಸುವ ತನಕ ಒಂದು ರೂಪಾಯಿಯನ್ನೂ ಬಿಚ್ಚಬೇಡಿ. ನಗರದ ಒಂದು ಗ್ಯಾರೇಜಿನವರು ನನ್ನಿಂದ ಸೆಲ್ಫ್‌ಗೆಂದು 18,000 ರೂಪಾಯಿ, ಬ್ಯಾಟರಿಗೆಂದು 6,500 ರೂಪಾಯಿ ತೆಗೆದುಕೊಂಡು, ಕೊನೆಗೆ ಇಂಜಿನ್ನನ್ನೇ ಇಳಿಸಬೇಕು ಎಂದರು. ದೋಷ ಇದ್ದದ್ದು ಒಂದು ವೈರಿನ ದಾರಿಯಲ್ಲಿ.

ನನ್ನದು 1970ರ ದಶಕದ ಫೋಕ್ಸ್‌ವ್ಯಾಗನ್ ಟೈಪ್ 2 ಕ್ಯಾಂಪರ್ ವ್ಯಾನ್, 1600 ಸಿಸಿ ಇಂಜಿನ್. ಇಂಜಿನ್ ಹಿಂದೆ ಇರುತ್ತದೆ, ರೇಡಿಯೇಟರ್ ಇರುವುದಿಲ್ಲ. ಇಂಜಿನ್ ತಿರುಗುವಾಗ ಅದರ ಬೆಲ್ಟಿನಿಂದಲೇ ತಿರುಗುವ ಫ್ಯಾನ್ ಗಾಳಿ ತಳ್ಳಿ ಸಿಲಿಂಡರುಗಳನ್ನೂ ಆಯಿಲ್ ಕೂಲರನ್ನೂ ತಣಿಸುತ್ತದೆ. ಇಂಜಿನ್ ನಿಂತ ಗಳಿಗೆಗೆ ಆ ಫ್ಯಾನೂ ನಿಲ್ಲುವುದರಿಂದ, ಒಳಗಿನ ಕಾವೆಲ್ಲ ಸುತ್ತಲಿನ ಭಾಗಗಳಿಗೆ ಹರಡುತ್ತದೆ. ಸೈಲೆನ್ಸರಿನ ಕೊಳವೆಗಳ ಪಕ್ಕದಲ್ಲೇ ಗೇರ್‌ಬಾಕ್ಸಿಗೆ ಕೂತಿರುವ ಸೆಲ್ಫ್ ಮೋಟಾರೂ ಕಾಯುತ್ತದೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ನಮ್ಮ ಊರಿನಲ್ಲಿ ಇದು ಎಷ್ಟರ ಮಟ್ಟಿಗೆ ಹೋಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಗ್ಯಾರೇಜಿನ ಯಜಮಾನ ಚಾವಿಯನ್ನು ಒಮ್ಮೆ ತಿರುಗಿಸಿ, ಕೆಳಗೆ ಬಗ್ಗಿ ಸಹ ನೋಡದೆ, “ಸೆಲ್ಫ್ ಸುಟ್ಟದ್ರಿ ಸಾಹೇಬ್ರ, ಹೈದರಾಬಾದಿಂದ ಹೊಸಾದು ತರಸ್ತೀನಿ” ಎಂದರು. ಕೆಲವು ದಿನಗಳ ನಂತರ ಬೆಳಿಗ್ಗೆ ಬೇಗ ಬರಲು ಹೇಳಿ, ರಾತ್ರಿಯಿಡೀ ನಿಂತು ತಣ್ಣಗಾಗಿದ್ದ ಗಾಡಿಯನ್ನು ನನ್ನೆದುರು ಚಾಲೂ ಮಾಡಿ ತೋರಿಸಿದರು. ತಣ್ಣಗಿದ್ದಾಗ ಅದು ಮೊದಲೂ ಚಾಲೂ ಆಗುತ್ತಿತ್ತು! ಹಳೆಯ ಸೆಲ್ಫ್ ಎಲ್ಲಿ ಎಂದು ಕೇಳಿದ್ದಕ್ಕೆ, “ಅದು ಎಕ್ಸ್‌ಚೇಂಜಿನಾಗ ಹೋತ್ರಿ” ಎಂಬ ಉತ್ತರ ಬಂತು. ಈ ಗಾಡಿಗಳಲ್ಲಿ ಸೆಲ್ಫ್‌ನ ತುದಿ ಕೂರುವ ಬುಷ್ ಗೇರ್‌ಬಾಕ್ಸಿನ ಹೌಸಿಂಗಿನಲ್ಲಿರುತ್ತದೆ, ಸೆಲ್ಫ್ ಬದಲಿಸಿದಾಗ ಅದನ್ನೂ ಬದಲಿಸುವುದು ವಾಡಿಕೆ. ಅದನ್ನು ಹಾಕಿದಿರಾ ಎಂದರೆ, “ಬುಷ್ ಸೆಲ್ಫಿನ ಒಳಗೇ ಬರ್ತದ್ರಿ, ನೀವ್ ಯಾಕ ತಲಿ ಕೆಡಿಸ್ಕೋತೀರಿ” ಎಂದರು.

ಅದೇ ವಾರ ಬೀಗರನ್ನು ಕೂರಿಸಿಕೊಂಡು ಶರಣಬಸವೇಶ್ವರ ಗುಡಿಗೆ ಹೋಗಿದ್ದೆವು. ಬರುವಾಗ ಸೂಪರ್ ಮಾರ್ಕೆಟ್ ಬಳಿ ಹಣ್ಣು ಕೊಳ್ಳಲೆಂದು ನಿಲ್ಲಿಸಿದ ಗಾಡಿ ಮತ್ತೆ ‘ಟಕ್’ ಎಂದು ಕೂತುಬಿಟ್ಟಿತು. ಹಿಂದಿನಿಂದ ಆಟೋಗಳ ಹಾರ್ನು, ಸುತ್ತ ನೋಡುವ ಜನ. ಮಗಳ ಮಾವನವರು ಹೆಗಲ ಶಲ್ಯವನ್ನು ಸೀಟಿನ ಮೇಲಿಟ್ಟು, ಆ ಬಿಸಿಲಿನಲ್ಲಿ ಇಳಿದು ಗಾಡಿ ನೂಕಿದರು. ಹೊಸ ಸೆಲ್ಫ್ ಹಾಕಿಸಿದ್ದೇನೆ ಎಂದು ದಾರಿಯುದ್ದಕ್ಕೂ ಅವರಿಗೆ ಹೇಳಿಕೊಂಡು ಬಂದಿದ್ದೆ. ಆ ಅವಮಾನವನ್ನು ಈಗಲೂ ನುಂಗಲಾಗುತ್ತಿಲ್ಲ.

ಮರಳಿ ಗ್ಯಾರೇಜಿಗೆ ಹೋದಾಗ ಬಂದ ಉತ್ತರಗಳನ್ನು ಇದ್ದ ಹಾಗೆಯೇ ಬರೆಯುತ್ತೇನೆ, ಏಕೆಂದರೆ ಇವೇ ಉತ್ತರಗಳು ನಾಳೆ ನಿಮಗೂ ಬರಬಹುದು. ಮೊದಲು, “ಬಿಸಿಲು ನೋಡ್ರಿ ಹ್ಯಾಂಗದ, ಮನಷ್ಯಾರೇ ಏಳಲಾರದಂಗ ಆಗ್ಯಾರ, ಗಾಡಿ ಎಲ್ಲಿಂದ ಏಳತದ?” ಆಮೇಲೆ, “ಬ್ಯಾಟರಿ ವೀಕ್ ಅದ”, ಬ್ಯಾಟರಿ ಬದಲಾಯಿತು, ಫಲ ಅದೇ. ಆಮೇಲೆ, “ಪೆಟ್ರೋಲ್ ಪಂಪಿನಾಗ ಆವಿ ಕೂಡ್ತದ, ಒದ್ದಿ ಅರಿವಿ ಸುತ್ತ್ರಿ.” ಪೆಟ್ರೋಲ್ ಆವಿಯಾದರೆ ಇಂಜಿನ್ ತಿರುಗುತ್ತದೆ, ಆದರೆ ಹತ್ತಿಕೊಳ್ಳುವುದಿಲ್ಲ. ನನ್ನ ಗಾಡಿಯಲ್ಲಿ ಸೆಲ್ಫ್ ತಿರುಗುತ್ತಲೇ ಇರಲಿಲ್ಲ, ನೂಕಿದರೆ ಮಾತ್ರ ತಕ್ಷಣ ಚಾಲೂ ಆಗುತ್ತಿತ್ತು. ಅಂದರೆ ಪೆಟ್ರೋಲೂ ಸರಿಯಿದೆ, ಕಿಡಿಯೂ ಸರಿಯಿದೆ. ಇದನ್ನೇ ಹೇಳಿದರೆ, “ದಬ್ಬಿದ್ರ ಚಾಲೂ ಆಗ್ತದಂದ್ರ ಇಂಜಿನ್ ಟೈಟ್ ಆಗ್ಯದ, ಇಳಸಬೇಕಾಗ್ತದ” ಎಂದು ಅಡ್ವಾನ್ಸ್ ಕೇಳಿದರು! ಕೊಡದೆ ಗಾಡಿ ತಂದೆ.

ನಿಜ ಗೊತ್ತಾದದ್ದು ಬೀದರಿಗೆ ಹೋಗುವಾಗ ಹುಮನಾಬಾದಿನಲ್ಲಿ. ಚಹಾ ಕುಡಿಯಲು ನಿಲ್ಲಿಸಿ ಹೊರಟರೆ ಮತ್ತೆ ಅದೇ ‘ಟಕ್’. ಎದುರಿಗಿದ್ದ ಅಂಗಡಿಯ ಹಿರಿಯ ಎಲೆಕ್ಟ್ರಿಷಿಯನ್ನರು, “ತಣ್ಣಗಾಗ್ಲಿಕ್ಕಿ ಬಿಡಬ್ಯಾಡ್ರಿ ಅಪ್ಪಾ, ಬಿಸಿ ಇದ್ದಾಗೇ ನೋಡಬೇಕು” ಎಂದು ಗೋಣಿ ಹಾಸಿ ಕೆಳಗೆ ಮಲಗಿದರು. ಬ್ಯಾಟರಿಯಿಂದ ನೇರ ಬರುವ ದಪ್ಪ ಕೇಬಲ್ ಕೂರುವ, ಸೆಲ್ಫ್ ಮೇಲಿನ 30ನೇ ಟರ್ಮಿನಲ್‌ನಲ್ಲಿ ಮೀಟರ್ 12 ವೋಲ್ಟ್‌ಗಿಂತ ಮೇಲೆ ತೋರಿಸಿತು. ಚಾವಿ ತಿರುಗಿಸಿದಾಗ, ಸೆಲ್ಫ್ ಮೇಲೆ ಕೂತು ಅದನ್ನು ಚಾಲೂ ಮಾಡುವ ಆಯಸ್ಕಾಂತದ ಸ್ವಿಚ್ಚಾದ ಸೊಲೆನಾಯ್ಡ್‌ಗೆ ಕರೆಂಟ್ ತಲುಪಬೇಕಾದ 50ನೇ ಟರ್ಮಿನಲ್‌ನಲ್ಲಿ 8 ವೋಲ್ಟ್ ಕೂಡ ಇರಲಿಲ್ಲ. ಗೇರ್ ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್ ಬ್ರೇಕ್ ಎಳೆದಿದೆ, ಚಕ್ರಕ್ಕೆ ಕಲ್ಲು ಕೊಟ್ಟಿದೆ ಎಂದು ಖಾತ್ರಿ ಮಾಡಿಕೊಂಡು ಅವರು ಆ ಎರಡು ಟರ್ಮಿನಲ್‌ಗಳಿಗೆ ಸ್ಕ್ರೂಡ್ರೈವರ್ ತಾಗಿಸಿದರೆ, ಸೆಲ್ಫ್ ಗರ್ರೆಂದು ತಿರುಗಿತು. ಬಿಸಿಯಲ್ಲೇ! ಅಂದರೆ ಸೆಲ್ಫ್ ಸರಿಯಿತ್ತು, ಚಾವಿಯಿಂದ ಬರುವ ಕರೆಂಟ್ ಸಾಲುತ್ತಿರಲಿಲ್ಲ.

ಕಾರಣ ಸರಳವಾಗಿದೆ. ಈ ವ್ಯಾನಿನಲ್ಲಿ ಸೊಲೆನಾಯ್ಡ್‌ನ ಕರೆಂಟ್ ಮುಂದಿನ ಚಾವಿ ಸ್ವಿಚ್ಚಿನ ತನಕ ಹೋಗಿ, ಅಲ್ಲಿಂದ ಗಾಡಿಯ ಉದ್ದಕ್ಕೂ ಹಿಂದೆ ಬರಬೇಕು. ಹಲವು ದಶಕಗಳ ವೈರು, ಕಿಲುಬು ಹಿಡಿದ ಕ್ಲಿಪ್ಪು, ಸವೆದ ಸ್ವಿಚ್ಚು ಎಲ್ಲವೂ ಸ್ವಲ್ಪ ಸ್ವಲ್ಪ ವೋಲ್ಟೇಜನ್ನು ತಿನ್ನುತ್ತವೆ. ಜೊತೆಗೆ ಸೊಲೆನಾಯ್ಡ್‌ನೊಳಗಿನ ತಾಮ್ರದ ಸುರುಳಿ 20 ಡಿಗ್ರಿಯಿಂದ 100 ಡಿಗ್ರಿಗೆ ಕಾದರೆ ಅದರ ರೋಧ ಸುಮಾರು 30 ಪ್ರತಿಶತ ಏರುತ್ತದೆ, ಅದರಿಂದ ಕರೆಂಟೂ ಎಳೆತವೂ ಕುಗ್ಗುತ್ತವೆ. ತಣ್ಣಗಿದ್ದಾಗ ಹೇಗೋ ಎಳೆಯುವ ಸೊಲೆನಾಯ್ಡ್ ಬಿಸಿಯಾದಾಗ ಸೋಲುವುದು ಇದೇ ಕಾರಣಕ್ಕೆ.

ಅವರು ಕೆಳಗಿನಿಂದ ಎದ್ದು ಬಂದು, “ಇದನ್ನ ಹೊಸಾದು ಅಂತ ಯಾರು ಕೊಟ್ರಿ?” ಎಂದು ಕೇಳಿದರು. ಬಗ್ಗಿ ನೋಡಿದೆ. ಕಾವಿಗೆ ಸೆಲ್ಫ್ ಮೇಲಿನ ಕಪ್ಪು ಬಣ್ಣ ಎದ್ದುಬಂದಿತ್ತು, ಅದರ ಕೆಳಗೆ ಹಿಂದಿನ ಮಾಲೀಕರು ಉಳಿಯಲ್ಲಿ ಕೊರೆದಿದ್ದ ಗೆರೆಗಳು ಹಾಗೆಯೇ ಇದ್ದವು. ಗಾಡಿ ಕೊಳ್ಳುವಾಗ ತೆಗೆದುಕೊಂಡಿದ್ದ ಫೋಟೋದಲ್ಲಿರುವವೂ ಅವೇ ಗೆರೆಗಳು. ಹೈದರಾಬಾದಿನಿಂದ ಏನೂ ಬಂದಿರಲಿಲ್ಲ. ನನ್ನದೇ ಸೆಲ್ಫ್‌ಗೆ ಬಣ್ಣ ಬಳಿದು ನನಗೇ ಮಾರಿದ್ದರು. ನನ್ನದೇ ಸೆಲ್ಫ್! ಆ ರಸ್ತೆ ಬದಿಯಲ್ಲಿ ಕೆಲಹೊತ್ತು ನನಗೆ ಮಾತೇ ಹೊರಡಲಿಲ್ಲ.

ಅಲ್ಲಿಂದಲೇ ಗ್ಯಾರೇಜಿನ ಯಜಮಾನರಿಗೆ ಫೋನ್ ಮಾಡಿದೆ. “ನಿಮ್ಮ ಗಾಡಿ ಸಾಮಾನು ಎಲ್ಲಿ ಸಿಗ್ತದ್ರಿ? ನಾ ಸಾಮಾನಿಗಿ ರೊಕ್ಕ ತಗೊಂಡಿಲ್ಲ, ಕೈಕೆಲಸಕ್ಕ ತಗೊಂಡೀನಿ” ಎಂದರು. ಗೆರೆಗಳ ಫೋಟೋ ಕಳಿಸಿದೆ; “ಇಂಥಾ ಗೆರಿ ಎಲ್ಲಾ ಸೆಲ್ಫಿಗೂ ಇರ್ತಾವ” ಎಂದು ಉತ್ತರಿಸಿ, ಮುಂದೆ ಫೋನ್ ಎತ್ತುವುದನ್ನೇ ಬಿಟ್ಟರು.

ಹುಮನಾಬಾದಿನ ಹಿರಿಯರು ಸೆಲ್ಫ್ ಪಕ್ಕದಲ್ಲಿ ಸಾಮಾನ್ಯ 12 ವೋಲ್ಟಿನ ಹಾರ್ನ್ ರಿಲೇ ಒಂದನ್ನು, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚನ್ನು, ಕೂರಿಸಿದರು. ಹಳೆಯ ಚಾವಿ ವೈರು ರಿಲೇಯ 86ನೇ ಟರ್ಮಿನಲ್ಲಿಗೆ, 85 ಬಾಡಿ ಅರ್ಥಿಂಗ್‌ಗೆ, ಸೆಲ್ಫ್‌ನ 30ರಿಂದ ದಪ್ಪ ವೈರು ಫ್ಯೂಸಿನ ಮೂಲಕ ರಿಲೇಯ 30ಕ್ಕೆ, ರಿಲೇಯ 87ರಿಂದ ಸೊಲೆನಾಯ್ಡ್‌ನ 50ಕ್ಕೆ. ಉದ್ದದ ಹಳೆಯ ವೈರು ಈಗ ರಿಲೇಯನ್ನು ಎಬ್ಬಿಸುವಷ್ಟು ಕರೆಂಟ್ ಹೊತ್ತರೆ ಸಾಕು. ಇಂಜಿನ್, ಗೇರ್‌ಬಾಕ್ಸ್ ರಬ್ಬರಿನ ಮೇಲೆ ಕೂತಿರುವುದರಿಂದ ಗೇರ್‌ಬಾಕ್ಸಿನಿಂದ ಬಾಡಿಗೆ ಹೋಗುವ ಅರ್ಥಿಂಗ್ ಪಟ್ಟಿಯೇ ಆಧಾರ ಎಂದು ಅದನ್ನೂ ಬಿಚ್ಚಿ ಉಜ್ಜಿ ಬಿಗಿದರು. ಎಲ್ಲ ಸೇರಿ 600 ರೂಪಾಯಿ. ಅಂದಿನಿಂದ ಎಂಥ ಬಿಸಿಲಿನಲ್ಲೂ ಗಾಡಿ ಒಂದೇ ಚಾವಿಗೆ ಏಳುತ್ತಿದೆ.

ನಿಮ್ಮ ಗಾಡಿಯಲ್ಲಿ ಸೆಲ್ಫ್ ಜೋರಾಗಿ ತಿರುಗಿಯೂ ಬಿಸಿಯಲ್ಲಿ ಹತ್ತಿಕೊಳ್ಳದಿದ್ದರೆ ಅದು ಬೇರೆ ರೋಗ. ಕಾಯಿಲ್, ಕಂಡೆನ್ಸರ್, ಕಾರ್ಬುರೇಟರ್, ತಣ್ಣಗಿದ್ದಾಗ 0.15 ಮಿಲಿಮೀಟರ್ ಇರಬೇಕಾದ ವಾಲ್ವ್ ಸಂದು, ಇಂಜಿನ್ ಸುತ್ತಲಿನ ರಬ್ಬರ್ ಸೀಲು ಇವುಗಳನ್ನು ನೋಡಿಸಿ. ತಣ್ಣಗಿದ್ದಾಗ ಅಳೆಯಬೇಕಾದ ವಾಲ್ವ್ ಸಂದೊಂದನ್ನು ಬಿಟ್ಟು, ಪರೀಕ್ಷೆ ಯಾವುದೇ ಇರಲಿ, ಗಾಡಿ ಬಿಸಿ ಇರುವಾಗ ನಿಮ್ಮೆದುರೇ ಆಗಬೇಕು. ಬಿಚ್ಚುವ ಮೊದಲು ಭಾಗದ ಫೋಟೋ ತೆಗೆಯಿರಿ, ಹಳೆಯದನ್ನು ಕೈಗೆ ಕೇಳಿ ಪಡೆಯಿರಿ, ಬಿಳಿ ಚೀಟಿ ಕೊಟ್ಟರೆ ಜಿಎಸ್‌ಟಿ ಬಿಲ್ ಕೊಡುವ ತನಕ ಹಣ ಕೊಡಬೇಡಿ.

ನನಗೆ ಅವರು ಕೊಟ್ಟದ್ದು ಬಿಳಿ ಚೀಟಿಯೇ, ಆದರೆ ಅದರಲ್ಲಿ ‘ನ್ಯೂ ಸೆಲ್ಫ್ 18,000’ ಎಂದು ಅವರ ಕೈಬರಹವಿದೆ. ಎರಡು ವರ್ಷಗಳೊಳಗೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು, ಕೊಟ್ಟ ಹಣ 5 ಲಕ್ಷ ರೂಪಾಯಿ ದಾಟದಿದ್ದರೆ ದೂರಿಗೆ ಶುಲ್ಕವೂ ಇಲ್ಲ. ಚೀಟಿ, ಎರಡೂ ಫೋಟೋಗಳು, ಅವರ ಮೆಸೇಜು ಇವನ್ನು ಜೋಡಿಸಿ ದೂರು ಬರೆಯುತ್ತಿದ್ದೇನೆ.