ಬೆಳವಣಿಗೆ ಹಾರ್ಮೋನು: ಮಾತ್ರೆಯೋ, ಚುಚ್ಚುಮದ್ದೋ?

ಮಾನವ ಬೆಳವಣಿಗೆ ಹಾರ್ಮೋನು 191 ಅಮೈನೋ ಆಮ್ಲಗಳ ಪ್ರೋಟೀನು. ನುಂಗಿದರೆ ಅದು ಊಟದ ಇತರ ಪ್ರೋಟೀನುಗಳಂತೆಯೇ ಜೀರ್ಣವಾಗಿ ಹೋಗುವುದರಿಂದ, ಹಾರ್ಮೋನಿದೆಯೆಂದು ಮಾರುವ ಮಾತ್ರೆಗಳಿಗೆ ಹಣ ಸುರಿಯುವುದು ವ್ಯರ್ಥವೆಂದೇ ನನ್ನ ಅಭಿಪ್ರಾಯ.

ಚುಚ್ಚುಮದ್ದಿನ ಮಾತು ಬೇರೆ. ಹಾರ್ಮೋನಿನ ಕೊರತೆ ಪರೀಕ್ಷೆಯಿಂದ ದೃಢಪಟ್ಟ ಮಕ್ಕಳಿಗೂ ವಯಸ್ಕರಿಗೂ, 1985ರಿಂದ ಬಳಕೆಯಲ್ಲಿರುವ ಕೃತಕ ಹಾರ್ಮೋನು ನಿಜಕ್ಕೂ ಫಲ ನೀಡುತ್ತದೆ. ಆದರೆ ಮುಪ್ಪನ್ನು ಮುಂದೂಡಲೆಂದು ಆರೋಗ್ಯವಂತ ಹಿರಿಯರು ತೆಗೆದುಕೊಂಡಾಗ, ಕೊಬ್ಬು ಸುಮಾರು 2 ಕಿಲೋ ಇಳಿದು ಕೊಬ್ಬುರಹಿತ ತೂಕ (ಅದರಲ್ಲಿ ನೀರಿನ ಪಾಲೂ ಇದೆ) ಹೆಚ್ಚುಕಡಿಮೆ ಅಷ್ಟೇ ಏರಿದರೂ, ಸ್ನಾಯುಬಲ ಅದಕ್ಕೆ ತಕ್ಕಂತೆ ಹೆಚ್ಚುವುದಿಲ್ಲ; ಬದಲಿಗೆ ಉಂಗುರ ಬೆರಳಿನಿಂದ ಹೊರಬಾರದಷ್ಟು ಊತ, ಕೀಲುನೋವು, ಮಣಿಕಟ್ಟಿನ ನರ ಒತ್ತಿ ಬೆರಳುಗಳು ಜೋಮು ಹಿಡಿಯುವುದು, ರಕ್ತದ ಸಕ್ಕರೆ ಏರುವುದು ಮುಂತಾದ ತೊಂದರೆಗಳು ಕಾಣಿಸಿಕೊಳ್ಳುತ್ತವೆ. ಸಕ್ರಿಯ ಕ್ಯಾನ್ಸರ್ ಇರುವವರಂತೂ ಇದರ ತಂಟೆಗೇ ಹೋಗಬಾರದು.