ಕರೆಂಟ್ ಇಲ್ಲದ ತೋಟದ ಮನೆಗೆ 4ಜಿ ಸೋಲಾರ್ ಕ್ಯಾಮೆರಾ: ಮಾರ್ಚ್‌ನಲ್ಲಿ ಹುಲಿ, ಜುಲೈನಲ್ಲಿ ಇಲಿ

ಕಣದಲ್ಲಿ ಹರಡಿದ ಕಾಫಿ, ಗೋದಾಮಿನ ಅಡಿಕೆ ಮೂಟೆ, ಹಳ್ಳದ ಬದಿಯ ಪಂಪಿಗೆ ಎಳೆದ ತಾಮ್ರದ ಕೇಬಲ್. ಮಲೆನಾಡಿನ ಒಳತೋಟಗಳಲ್ಲಿ ಕಳ್ಳರ ಕಣ್ಣು ಬೀಳುವುದು ಹೆಚ್ಚಾಗಿ ಇವುಗಳ ಮೇಲೆ. ಲೈನ್ ಬಾರದ, ರಾತ್ರಿ ಯಾರೂ ಉಳಿಯದ ಮನೆಗೆ ಕಾವಲು ಬೇಕೆಂದು ಹುಡುಕಿದರೆ ಆನ್‌ಲೈನ್‌ನಲ್ಲೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೂ ಮೊದಲು ಸಿಗುವುದು ಬಿಳಿ ಡಬ್ಬಿ, ಮೇಲೊಂದು ಪುಟ್ಟ ಪ್ಯಾನೆಲ್, ಒಳಗೆ ಸಿಮ್ ಇರುವ ಸೋಲಾರ್ ಕ್ಯಾಮೆರಾ. ಬೆಲೆ ಸುಮಾರು 5,000ದಿಂದ 9,000 ರೂಪಾಯಿ. ಹತ್ತಾರು ಹೆಸರಿನಲ್ಲಿ ಬಂದರೂ ಒಳಗಿನ ಸರಕು ಹೆಚ್ಚುಕಡಿಮೆ ಒಂದೇ. ಹಾಗಾಗಿ ಇದು ಒಂದು ಬ್ರ್ಯಾಂಡಿನ ವಿಮರ್ಶೆಯಲ್ಲ, ಆ ಇಡೀ ಜಾತಿಯದ್ದು.

ಲೆಕ್ಕವನ್ನು ಬ್ಯಾಟರಿಯಿಂದಲೇ ಶುರು ಮಾಡಬೇಕು. ಒಳಗಿರುವುದು 18650 ಎಂಬ ಲಿಥಿಯಂ ಸೆಲ್ಲುಗಳು, ಸಾಮಾನ್ಯವಾಗಿ ಮೂರರಿಂದ ಆರು. 2,600 ಎಂಎಎಚ್‌ನ ಆರು ಸೆಲ್ ಅಂದರೆ ಸುಮಾರು 57 ವ್ಯಾಟ್ ಗಂಟೆ. ಕೈಗೆ ಸಿಗುವುದು 45 ಎಂದಿಟ್ಟುಕೊಳ್ಳಿ. ಪೆಟ್ಟಿಗೆಯ ಮೇಲೆ 20,000 ಎಂಎಎಚ್ ಎಂದು ಬರೆದು ಒಳಗೆ ನಾಲ್ಕೇ ಸೆಲ್ ಇದ್ದರೆ ಅದು ಸುಳ್ಳು. ಒಳ್ಳೆಯ 18650 ಸೆಲ್ಲಿನಲ್ಲೂ 3,500ಕ್ಕಿಂತ ಹೆಚ್ಚು ತುಂಬುವುದು ಕಷ್ಟ. ಸೆಲ್ ಹೊರಗೆ ತೆಗೆಯಲು ಬರುವ ಮಾದರಿಯಾದರೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ನೋಡಿ. ಅಸಲಿ ಸೆಲ್ 45 ಗ್ರಾಂ ಆಸುಪಾಸು ಇರುತ್ತದೆ, 30 ಗ್ರಾಂ ತೂಗಿದರೆ ಒಳಗೆ ಅರ್ಧ ಗಾಳಿ.

ಇನ್ನು ಖರ್ಚು. ಮಲಗಿದ್ದು, ಮೈಶಾಖ ಕಂಡಾಗ ಮಾತ್ರ ಏಳುವ ಕ್ಯಾಮೆರಾ (ಪಿಐಆರ್ ಎಂಬ ಶಾಖ ಗ್ರಹಿಸುವ ಸೆನ್ಸರ್ ಇರುವುದು) ದಿನಕ್ಕೆ ಸುಮಾರು 4ರಿಂದ 6 ವ್ಯಾಟ್ ಗಂಟೆ ತಿನ್ನುತ್ತದೆ. 24 ಗಂಟೆ ರೆಕಾರ್ಡ್ ಮಾಡಿಸಿದರೆ ಅದೇ ಡಬ್ಬಿಗೆ 60 ಬೇಕು. ಈಗ ಆದಾಯ ನೋಡಿ: 8 ವ್ಯಾಟ್ ಪ್ಯಾನೆಲ್ ಮಾರ್ಚ್ ಬಿಸಿಲಲ್ಲಿ ನಷ್ಟವೆಲ್ಲ ಕಳೆದು ದಿನಕ್ಕೆ 28ರಷ್ಟು ಕೊಡುತ್ತದೆ. ಜುಲೈನಲ್ಲಿ, ಮೋಡ ಬಿಡದೆ ಜಡಿಮಳೆ ಹಿಡಿದಾಗ, 5 ಸಿಕ್ಕರೆ ಪುಣ್ಯ. ಅಂದರೆ ಮಲಗಿ ಏಳುವ ಕ್ಯಾಮೆರಾ ಮಳೆಗಾಲವನ್ನು ಕೂದಲೆಳೆಯಲ್ಲಿ ದಾಟಬಹುದು, ಸದಾ ರೆಕಾರ್ಡ್ ಮಾಡುವುದು ಒಂದೇ ದಿನಕ್ಕೆ ನೆಲಕಚ್ಚುತ್ತದೆ. ಊರಿನಿಂದ ದಿನಕ್ಕೆ ನಾಲ್ಕು ಸಲ ಲೈವ್ ತೆರೆದು ಮಳೆ ನೋಡುವ ಖುಷಿಗೂ ಇದೇ ಬ್ಯಾಟರಿಯೇ ಬೆಲೆ ತೆರಬೇಕು. ಅರ್ಧ ಗಂಟೆ ಲೈವ್‌ಗೆ ಒಂದೂವರೆ ವ್ಯಾಟ್ ಗಂಟೆ ಹೋಯಿತು.

ಜಾಹೀರಾತಿನಲ್ಲಿ ‘24 ಗಂಟೆ ರೆಕಾರ್ಡಿಂಗ್, ಸೋಲಾರ್’ ಎಂದು ಕಂಡರೆ ಅದು ನಮ್ಮ ಮಳೆಯನ್ನು ನೋಡದವರು ಬರೆದದ್ದು.

ಕೊಳ್ಳುವ ಮೊದಲು ಪ್ಯಾನೆಲ್ ಬೇರೆಯಾಗಿದೆಯೇ, ಅದರ ವೈರು ಎಷ್ಟು ಉದ್ದ ಎಂದು ನೋಡಿ. ಕ್ಯಾಮೆರಾ ತಲೆಗೇ ಅಂಟಿದ ಪ್ಯಾನೆಲ್ ತೋಟಕ್ಕೆ ಅಷ್ಟಾಗಿ ಒಗ್ಗದು. ಕ್ಯಾಮೆರಾ ಸೂರಿನಡಿ ಇರಬೇಕು, ಪ್ಯಾನೆಲ್ ಬಿಸಿಲಿಗೆ ಹೋಗಬೇಕು. ಮೂರು ಮೀಟರ್ ವೈರಾದರೂ ಬೇಕು. ದಕ್ಷಿಣಕ್ಕೆ ಮುಖ ಮಾಡಿ 15ರಿಂದ 20 ಡಿಗ್ರಿ ಓರೆ ಇಡಿ. ಮಟ್ಟಸವಾಗಿ ಇಟ್ಟರೆ ಎಲೆ, ಪಾಚಿ, ಹಕ್ಕಿ ಹಿಕ್ಕೆ ಅಲ್ಲೇ ಕೂರುತ್ತವೆ. ಸಿಲ್ವರ್ ಓಕ್ ಅಥವಾ ಅಡಿಕೆ ಸೋಗೆಯ ನೆರಳು ಪ್ಯಾನೆಲ್ಲಿನ ಒಂದು ಮೂಲೆಗೆ ಬಿದ್ದರೂ ಇಡೀ ಪ್ಯಾನೆಲ್ ಸೊರಗುತ್ತದೆ, ಏಕೆಂದರೆ ಒಳಗಿನ ಬಿಲ್ಲೆಗಳು ಸರಣಿಯಲ್ಲಿ ಜೋಡಿಸಿದವು. ಬೆಳಿಗ್ಗೆ ಒಂಬತ್ತರಿಂದ ಮಧ್ಯಾಹ್ನ ಮೂರರವರೆಗೆ ನೆರಳು ಬೀಳದ ಜಾಗವನ್ನು ಕಣ್ಣಾರೆ ನೋಡಿಯೇ ಕಂಬ ನೆಡಬೇಕು.

ಎರಡನೆಯ ತೊಡಕು ಸಿಗ್ನಲ್. ಫೋನಿನಲ್ಲಿ ಎರಡು ಕಡ್ಡಿ ಬಂತು ಎಂಬುದು ಲೆಕ್ಕಕ್ಕಿಲ್ಲ. ಸಿಗ್ನಲ್ ಅಳೆಯುವ ಆ್ಯಪ್ ಹಾಕಿಕೊಂಡು ಕ್ಯಾಮೆರಾ ಕೂರುವ ಜಾಗದಲ್ಲೇ ಆರ್‌ಎಸ್‌ಆರ್‌ಪಿ (ಸಿಗ್ನಲ್ ಬಲದ ಅಳತೆ, ಸೊನ್ನೆಗೆ ಹತ್ತಿರವಾದಷ್ಟೂ ಗಟ್ಟಿ) ನೋಡಿ: ಮೈನಸ್ 95 ಒಳಗಿದ್ದರೆ ನಿರಾಳ, ಮೈನಸ್ 110 ದಾಟಿದರೆ ಕೊಳ್ಳಲೇಬೇಡಿ. ಸಿಗ್ನಲ್ ದುರ್ಬಲವಾದಷ್ಟೂ ಮೋಡೆಮ್ ಗಟ್ಟಿಯಾಗಿ ಕೂಗಬೇಕು, ಮಲಗಿದ್ದಾಗಲೂ ಬ್ಯಾಟರಿ ಸೋರುತ್ತದೆ. ‘ಪ್ಯಾನೆಲ್ ಸರಿಯಾಗಿದೆ, ಬಿಸಿಲೂ ಇದೆ, ಆದರೂ ಚಾರ್ಜ್ ನಿಲ್ಲುತ್ತಿಲ್ಲ’ ಎಂಬ ದೂರಿಗೆ ಬಹಳ ಸಲ ಕಾರಣ ಇದೇ. ಬಿಚ್ಚಲು ಬರುವ ಆಂಟೆನಾ ಇದ್ದರೆ ಟವರ್ ಕಡೆ ಮುಖ ಮಾಡಿದ ದಿಕ್ಕಿನ ಆಂಟೆನಾ ಹಾಕಬಹುದು. ಆದರೆ ತೆಳು ಆರ್‌ಜಿ58 ಕೇಬಲನ್ನು ಹತ್ತು ಮೀಟರ್ ಎಳೆದರೆ ಆಂಟೆನಾ ತಂದ ಲಾಭವನ್ನು ಕೇಬಲ್ಲೇ ನುಂಗುತ್ತದೆ.

ಯಾವ ಸಿಮ್? ಅಲ್ಲಿ ಯಾವುದು ಸಿಗುತ್ತದೋ ಅದು. ಆದರೆ ಕ್ಯಾಮೆರಾದ ಬ್ಯಾಂಡ್ ಪಟ್ಟಿ (ಅದು ಹಿಡಿಯಬಲ್ಲ 4ಜಿ ತರಂಗಗಳ ಪಟ್ಟಿ) ಓದಿಯೇ ತನ್ನಿ. ಜಿಯೊಗೆ ಬ್ಯಾಂಡ್ 3, 5, 40 ಬೇಕು. ಏರ್‌ಟೆಲ್‌ಗೆ 1, 3, 8, 40. ಬಿಎಸ್‌ಎನ್‌ಎಲ್ 4ಜಿಗೆ 1 ಮತ್ತು 28. ಕಾಡಿನಂಚಿನಲ್ಲಿ ದೂರ ತಲುಪುವುದು ಕಡಿಮೆ ಆವರ್ತನದ 5, 8, 28. ಅಗ್ಗದ ಕ್ಯಾಮೆರಾದಲ್ಲಿ ಅವೇ ಬಿಟ್ಟುಹೋಗಿದ್ದರೆ ಫೋನಿಗೆ ಸಿಗ್ನಲ್ ಬಂದೂ ಕ್ಯಾಮೆರಾಗೆ ಬರುವುದಿಲ್ಲ. ಸಿಮ್ಮನ್ನು ಮೊದಲು ಫೋನಿಗೆ ಹಾಕಿ ಡೇಟಾ ಓಡುವುದನ್ನು ಖಚಿತಪಡಿಸಿ, ಸಿಮ್ ಪಿನ್ ಇದ್ದರೆ ತೆಗೆಯಿರಿ. ಹಾಕಿದ ಮೇಲೂ ‘ಆಫ್‌ಲೈನ್’ ಎಂದರೆ ಎಪಿಎನ್ (ಡೇಟಾ ಸಂಪರ್ಕಕ್ಕೆ ಕಂಪನಿ ಇಟ್ಟ ಹೆಸರು) ಕೈಯಾರೆ ತುಂಬಬೇಕು: ಜಿಯೊ ಆದರೆ ‘ಜಿಯೊನೆಟ್’, ಬಿಎಸ್‌ಎನ್‌ಎಲ್ ಆದರೆ ‘ಬಿಎಸ್‌ಎನ್‌ಎಲ್‌ನೆಟ್’, ಇಂಗ್ಲಿಷ್ ಸಣ್ಣಕ್ಷರಗಳಲ್ಲಿ. ಮಾರುವವನೇ ಸಿಮ್ ಒಳಗಿಟ್ಟು ಅವನ ಪ್ಯಾಕನ್ನೇ ಹಾಕಿಸಬೇಕು ಎನ್ನುವ ಮಾದರಿಗಳೂ ಇವೆ. ಅವು ಬೇಡ.

ಡೇಟಾ ಹೆಚ್ಚೇನೂ ಬೇಡ. 1 ಎಂಬಿಪಿಎಸ್ ಸಣ್ಣ ಸ್ಟ್ರೀಮ್‌ನಲ್ಲಿ ಗಂಟೆಗೆ 450 ಎಂಬಿ, ಹತ್ತು ಸೆಕೆಂಡಿನ ತುಣುಕಿಗೆ ಒಂದೂಕಾಲು ಎಂಬಿ.

ಸುಳ್ಳು ಎಚ್ಚರಿಕೆ ಈ ಕ್ಯಾಮೆರಾಗಳ ದೊಡ್ಡ ಕಾಯಿಲೆ. ಪಿಐಆರ್ ನೋಡುವುದು ಶಾಖದ ಚಲನೆಯನ್ನು, ಎಂಟು ಹತ್ತು ಮೀಟರ್ ಒಳಗೆ. ಎದುರಿಂದ ನೇರ ಬರುವವನಿಗಿಂತ ಅಡ್ಡ ಹಾಯುವವನನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಆದ್ದರಿಂದ ಕ್ಯಾಮೆರಾವನ್ನು ದಾರಿಗೆ ಎದುರಾಗಿ ಅಲ್ಲ, ಪಕ್ಕಕ್ಕೆ, ಎಂಟರಿಂದ ಹತ್ತು ಅಡಿ ಎತ್ತರದಲ್ಲಿ ಕೂರಿಸಿ. ಬಿಸಿಲಿಗೆ ಕಾದ ಬಾಳೆಎಲೆ ಅಲ್ಲಾಡಿದರೂ ಸಂದೇಶ ಬರುತ್ತದೆ. ನೋಟದೊಳಗಿನ ಕೊಂಬೆ ಕಡಿಯಿರಿ. ರಾತ್ರಿ ಲೆನ್ಸಿನ ಮುಂದೆ ಜೇಡ ಬಲೆ ಕಟ್ಟಿದರೆ ಇನ್‌ಫ್ರಾರೆಡ್ ಬೆಳಕು ಅದಕ್ಕೇ ಬಡಿದು ಪರದೆಯೆಲ್ಲ ಬಿಳುಪು. ‘ಬಣ್ಣದ ರಾತ್ರಿ ದೃಶ್ಯ’ ಎಂದು ಬಿಳಿ ದೀಪ ಉರಿಸುವ ಆಯ್ಕೆಯನ್ನು ಮೊದಲ ದಿನವೇ ಮುಚ್ಚಿಬಿಡಿ. ಹುಳ ಬರುತ್ತವೆ, ಹುಳಕ್ಕೆ ಹಲ್ಲಿ ಬರುತ್ತದೆ, ಬ್ಯಾಟರಿ ಬರಿದಾಗುತ್ತದೆ.

ಇನ್‌ಫ್ರಾರೆಡ್‌ನಲ್ಲೂ ಎರಡು ಬಗೆ. 850 ನ್ಯಾನೋಮೀಟರ್‌ನದು ದೂರ ಬೆಳಗುತ್ತದೆ, ಆದರೆ ಕತ್ತಲಲ್ಲಿ ಮಂದ ಕೆಂಪು ಚುಕ್ಕಿ ಕಾಣಿಸಿ ಕ್ಯಾಮೆರಾ ಎಲ್ಲಿದೆ ಎಂದು ಕಳ್ಳನಿಗೇ ತೋರಿಸುತ್ತದೆ. 940ರದ್ದು ಕಣ್ಣಿಗೆ ಕಾಣದು, ದೂರ ಕಡಿಮೆ. ಗೇಟಿನ ಬಳಿ ಎದ್ದು ಕಾಣಲೆಂದೇ ಇಟ್ಟ ಕ್ಯಾಮೆರಾಗೆ ಮೊದಲನೆಯದು, ಗೋದಾಮಿನ ಬಾಗಿಲಿಗೆ ಎರಡನೆಯದು ಸರಿ. ಮೆಮೊರಿ ಕಾರ್ಡ್ ಕ್ಯಾಮೆರಾದೊಳಗೇ ಇರುವುದರಿಂದ ಕ್ಯಾಮೆರಾ ಕಿತ್ತೊಯ್ದರೆ ಸಾಕ್ಷಿಯೂ ಹೋಯಿತು. ತುಣುಕು ಕೂಡಲೇ ಕ್ಲೌಡ್‌ಗೆ ಹೋಗುವ ಮಾದರಿ ಆರಿಸಿ. ಸಿಸಿಟಿವಿಗಳಿಗೆ 2025ರ ಏಪ್ರಿಲ್‌ನಿಂದ ಕೇಂದ್ರ ಸರ್ಕಾರದ ಎಸ್‌ಟಿಕ್ಯೂಸಿ ಸುರಕ್ಷತಾ ಪರೀಕ್ಷೆ ಕಡ್ಡಾಯವಾಗಿದೆ, ಬಿಲ್ ಕೊಡುವ ಅಂಗಡಿಯಲ್ಲಿ ಅದನ್ನು ಕೇಳಿ. ಕೆಲಸದವರಿರುವ ಲೈನ್ ಮನೆಗಳ ಅಂಗಳಕ್ಕೆ ಕ್ಯಾಮೆರಾ ತಿರುಗಿಸಬೇಡಿ. ಕೆಲಸದವರ ಸ್ನಾನದ ಮನೆ ನಿಮ್ಮ ಫೋನಿನಲ್ಲಿ ಕಾಣಬಾರದು.

ಇಷ್ಟಾದ ಮೇಲೂ ಕ್ಯಾಮೆರಾದ ಮೂಲ ದೋಷ ಉಳಿಯುತ್ತದೆ. ಅದು ತೋರಿಸುತ್ತದೆ, ಎಬ್ಬಿಸುವುದಿಲ್ಲ. ರಾತ್ರಿ ಎರಡಕ್ಕೆ ಬಂದ ಆ್ಯಪ್ ಸಂದೇಶವನ್ನು ಯಾರು ನೋಡುತ್ತಾರೆ? ಹಾಗಾಗಿ ಮೊದಲ ದುಡ್ಡು ಜಿಎಸ್‌ಎಂ ಅಲಾರಂಗೆ (ಸಿಮ್ ಹಾಕಿ ಫೋನಿಗೆ ಕರೆ ಮಾಡುವ ಅಲಾರಂ) ಹೋಗಲಿ ಎಂಬುದು ಈ ವಿಮರ್ಶೆಯ ಅಭಿಪ್ರಾಯ. 3,000ದಿಂದ 5,000 ರೂಪಾಯಿಗೆ ಒಂದು ಪೆಟ್ಟಿಗೆ, ಬಾಗಿಲಿಗೆ ಎರಡು ಮ್ಯಾಗ್ನೆಟ್ ಸೆನ್ಸರ್, ಒಳಕೋಣೆಗೆ ಒಂದು ಪಿಐಆರ್, ಒಂದು ಸೈರನ್. ಬಾಗಿಲು ತೆರೆದರೆ ಸೈರನ್ ಕೂಗಿ, ಉಳಿಸಿಟ್ಟ ನಂಬರುಗಳಿಗೆ ಒಂದರ ಹಿಂದೊಂದು ಕರೆ ಮಾಡುತ್ತದೆ. ಡೇಟಾ ತೆವಳುವ ಜಾಗದಲ್ಲೂ ಕರೆ ದಾಟುತ್ತದೆ. ಇಲ್ಲಿ ಎಡವುವುದು ಸಿಮ್ ವಿಷಯದಲ್ಲಿ: ಅಗ್ಗದ ಪೆಟ್ಟಿಗೆಗಳಲ್ಲಿರುವುದು 2ಜಿ ಮೋಡೆಮ್, ಜಿಯೊದಲ್ಲಿ 2ಜಿ ಇಲ್ಲವೇ ಇಲ್ಲ. ಏರ್‌ಟೆಲ್, ವಿಐ ಅಥವಾ ಬಿಎಸ್‌ಎನ್‌ಎಲ್ ಸಿಮ್ ಹಾಕಿ, ಇಲ್ಲವೇ 4ಜಿ ಎಂದು ಸ್ಪಷ್ಟವಾಗಿ ಬರೆದ ಪೆಟ್ಟಿಗೆ ಕೊಳ್ಳಿ. ದೂರಸಂಪರ್ಕ ನಿಯಂತ್ರಕ ಟ್ರಾಯ್ ಸೂಚನೆಯ ನಂತರ ಮಾತು ಮತ್ತು ಎಸ್ಸೆಮ್ಮೆಸ್ ಮಾತ್ರದ ಪ್ಯಾಕುಗಳು ಬಂದಿವೆ, ಅಲಾರಂ ಸಿಮ್ಮಿಗೆ ಅದೇ ಸಾಕು. ರೀಚಾರ್ಜ್ ಮುಗಿದರೆ ಅಲಾರಂ ಸದ್ದಿಲ್ಲದೆ ಸತ್ತಿರುತ್ತದೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಅಲಾರಂಗೆ ಕರೆಂಟ್ ಎಲ್ಲಿಂದ? ಇಂಥ ಮನೆಗಳಲ್ಲಿ ಸೋಲಾರ್ ದೀಪದ 12 ವೋಲ್ಟ್ ಬ್ಯಾಟರಿ ಇದ್ದೇ ಇರುತ್ತದೆ. ಸೆಲ್ಕೊದಂಥ ಸಂಸ್ಥೆ ಕರ್ನಾಟಕದಲ್ಲಿ ಸೋಲಾರ್ ದೀಪ ಹಾಕಿಕೊಡುವ ಕೆಲಸವನ್ನು 1995ರಿಂದ ಮಾಡುತ್ತಿದೆ. ಅದೇ ಬ್ಯಾಟರಿಯಿಂದ, ನಡುವೆ 1 ಆಂಪಿಯರ್ ಫ್ಯೂಸ್ ಹಾಕಿ, ಅಲಾರಂ ಪೆಟ್ಟಿಗೆಗೆ ಬೇಕಾದ ವೋಲ್ಟೇಜಿಗೆ ಇಳಿಸಿ ಕೊಡಿ. ಸದಾ ರೆಕಾರ್ಡಿಂಗ್ ಬೇಕೇ ಬೇಕು ಎನ್ನುವವರೂ ಈ ಬ್ಯಾಟರಿಗೇ ಬರಬೇಕು: 5 ವ್ಯಾಟಿನ 4ಜಿ ಕ್ಯಾಮೆರಾ ದಿನಕ್ಕೆ 120 ವ್ಯಾಟ್ ಗಂಟೆ ಬೇಡುತ್ತದೆ, ಜುಲೈನ ಲೆಕ್ಕದಲ್ಲಿ ಅದಕ್ಕೆ ಸುಮಾರು 200 ವ್ಯಾಟ್ ಪ್ಯಾನೆಲ್. ಅಷ್ಟಾದಾಗ ‘ಅಗ್ಗ’ ಎಂಬ ಮಾತು ಉಳಿಯುವುದಿಲ್ಲ.

ಅಂಕ ಕೊಡುವುದಾದರೆ ಜಿಎಸ್‌ಎಂ ಅಲಾರಂಗೆ ಐದರಲ್ಲಿ ನಾಲ್ಕು. ಮಲಗಿ ಏಳುವ 4ಜಿ ಸೋಲಾರ್ ಕ್ಯಾಮೆರಾಗೆ ಮೂರು, ಪ್ಯಾನೆಲ್ ಬೇರೆ ಇದ್ದರೆ ಮೂರೂವರೆ. 24 ಗಂಟೆ ರೆಕಾರ್ಡಿಂಗ್ ಎಂದು ಮಾರುವ 8 ವ್ಯಾಟಿನ ಡಬ್ಬಿಗೆ ಒಂದು. ಏನನ್ನೇ ಕೊಂಡರೂ ಮೇ ಕೊನೆಯೊಳಗೆ ಒಮ್ಮೆ ಪ್ಯಾನೆಲ್ ಒರೆಸಿ, ವೈರಿನ ಸೇರುವೆಗಳಿಗೆ ರಬ್ಬರ್ ಟೇಪ್ ಸುತ್ತಿ, ನೀರು ತೊಟ್ಟಿಕ್ಕಿ ಬೀಳುವಂತೆ ವೈರನ್ನು ಕೆಳಕ್ಕೆ ಬಾಗಿಸಿ, ಸಿಮ್ ಮುಚ್ಚಳದ ರಬ್ಬರ್ ಕೂತಿದೆಯೇ ನೋಡಿ. ಮಳೆ ಹಿಡಿದ ಮೇಲೆ ಅಲ್ಲಿಗೆ ಹೋಗುವ ಮಣ್ಣುದಾರಿಯೇ ಇರುವುದಿಲ್ಲ.