56 ಮೊಟ್ಟೆಯ ಕಾವು ಮಿಷನ್: ಶಾಖ ನಂಬಿ, ತೇವದ ಅಂಕಿ ನಂಬಬೇಡಿ

ಮೊದಲೇ ಹೇಳಿಬಿಡುತ್ತೇನೆ. ಕೋಳಿಯ ಬದಲು ತಾನೇ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡುವ ಈ ಮಿಷನ್ (ಇನ್‌ಕ್ಯುಬೇಟರ್) ಕೊಳ್ಳಬಹುದು. ಆದರೆ ಅದರ ಮೇಲೆ ಕಾಣುವ ಎರಡು ಅಂಕಿಗಳಲ್ಲಿ ಒಂದನ್ನು ಮಾತ್ರ ನಂಬಿ. ಶಾಖದ್ದು ಸರಿ ಇದೆ. ತೇವಾಂಶದ್ದು ಶುದ್ಧ ಸುಳ್ಳು.

ನಮ್ಮದು ಶಿಡ್ಲಘಟ್ಟದ ಹತ್ತಿರದ ಹಳ್ಳಿ. ರೇಷ್ಮೆ ಮನೆ. ಹಿಪ್ಪುನೇರಳೆ ತೋಟ, ಹುಳು ಮನೆ, ಹಿತ್ತಲಲ್ಲಿ ಒಂದಷ್ಟು ನಾಟಿ ಕೋಳಿ. ರೇಷ್ಮೆ ಗೂಡಿನ ರೇಟು ಬಿದ್ದಾಗ ಮನೆ ಖರ್ಚಿಗೆ ಕೋಳಿ ಕಾಸೇ ಗತಿ. ಹುಳು ಸಾಕಿದವರಿಗೆ ಶಾಖ, ತೇವ ಅಂದರೆ ಹೊಸ ಪಾಠ ಅಲ್ಲ. ಚಾಕಿ ಹುಳುವಿಗೆ, ಅಂದರೆ ಎಳೆ ಹುಳುವಿಗೆ, 27-28 ಡಿಗ್ರಿ, ತೇವ ಶೇ 80ರ ಮೇಲೆ. ನಾಲ್ಕನೇ ಜ್ವರ (ಹುಳು ಪೊರೆ ಬಿಡುವ ಹೊತ್ತು) ಎದ್ದ ಮೇಲೆ 24-25 ಡಿಗ್ರಿ, ತೇವ 70. ಗೋಡೆಯ ಮೇಲಿನ ಒಣ-ಹಸಿ ಥರ್ಮಾಮೀಟರ್ ನೋಡದೆ ನಮ್ಮ ಮನೆಯಲ್ಲಿ ಕಾಫಿ ಕುಡಿಯುವುದಿಲ್ಲ. ಅದಕ್ಕೇ ಮಿಷನ್ ಬಂದಾಗ ಎಲ್ಲರೂ ಮುಚ್ಚಳ, ಲೈಟು ನೋಡುತ್ತಿದ್ದರೆ ನನ್ನ ಕಣ್ಣು ಹೋಗಿದ್ದು ಮೀಟರಿಗೆ.

ಬೆಲೆ ಆರು ಸಾವಿರಕ್ಕೆ ಸ್ವಲ್ಪ ಕಡಿಮೆ. ಆನ್‌ಲೈನಲ್ಲಿ ತರಿಸಿದ್ದು. ಪ್ಲಾಸ್ಟಿಕ್ ಪೆಟ್ಟಿಗೆ, ಒಳಗೆ ಕಾಣುವ ಮುಚ್ಚಳ, ಫ್ಯಾನು, ಹೀಟರು, ಮೊಟ್ಟೆ ಉರುಳಿಸುವ ರೋಲರು. ಕಂಪನಿ ಹೆಸರು ಬರೆಯುವುದಿಲ್ಲ. ಇದೇ ಪೆಟ್ಟಿಗೆ ನಾಲ್ಕಾರು ಹೆಸರಲ್ಲಿ ಸಿಗುತ್ತದೆ, ಸ್ಟಿಕ್ಕರ್ ಮಾತ್ರ ಬೇರೆ.

ಶಾಖದ ವಿಷಯದಲ್ಲಿ ತಕರಾರಿಲ್ಲ. ಕೋಳಿ ಮೊಟ್ಟೆಗೆ ಬೇಕಿರುವುದು 37.5ರಿಂದ 37.8 ಡಿಗ್ರಿ. ಜ್ವರ ನೋಡುವ ಥರ್ಮಾಮೀಟರನ್ನೇ ನಾಲ್ಕು ಮೂಲೆಯಲ್ಲೂ ಇಟ್ಟು ನೋಡಿದೆ. ಮೂಲೆಗೂ ಮಧ್ಯಕ್ಕೂ ಅರ್ಧ ಡಿಗ್ರಿ ಕೂಡ ವ್ಯತ್ಯಾಸ ಬರಲಿಲ್ಲ. ಫ್ಯಾನ್ ಇರುವುದರ ಗುಣ ಅದು. ಫ್ಯಾನಿಲ್ಲದ ಥರ್ಮಾಕೋಲ್ ಪೆಟ್ಟಿಗೆಯಲ್ಲಿ ಮೇಲೆ ಬಿಸಿ, ಕೆಳಗೆ ತಣ್ಣಗೆ. ಅದರಲ್ಲಿ ಮೊಟ್ಟೆಯ ಮೇಲ್ಮಟ್ಟದಲ್ಲಿ ಅಳೆದು 38.5 ಡಿಗ್ರಿ ಆಸುಪಾಸು ಇಟ್ಟುಕೊಳ್ಳಬೇಕು. ನಮ್ಮ ಮೈದುನ ಎರಡು ಬಲ್ಬ್ ಹಾಕಿ ಅಂಥದ್ದೊಂದು ಮಾಡಿಕೊಂಡಿದ್ದಾನೆ. ಮರಿ ಬರುತ್ತದೆ, ಇಲ್ಲ ಅನ್ನಲಾರೆ. ಆದರೆ ಆ ಮೂರು ವಾರ ಅವನಿಗೆ ನಿದ್ದೆ ಇಲ್ಲ.

ರೋಲರ್ ಎರಡು ಗಂಟೆಗೊಮ್ಮೆ ಕುಂಯ್ ಅಂತ ಎದ್ದು ಮೊಟ್ಟೆಗಳನ್ನು ಉರುಳಿಸುತ್ತದೆ. ಕಾವಿಗೆ ಕೂತ ಕೋಳಿ ಕೊಕ್ಕಿನಿಂದ ಮೊಟ್ಟೆ ಎಳೆದು ತಿರುವಿ ಹಾಕುವುದನ್ನು ನೋಡಿರುತ್ತೀರಲ್ಲ, ಅದೇ ಕೆಲಸ. ತಿರುಗಿಸದಿದ್ದರೆ ಒಳಗೆ ಬೆಳೆಯುವ ಮರಿ ಪೊರೆಗೆ ಅಂಟಿಕೊಳ್ಳುತ್ತದೆ. ಕೈಯಲ್ಲಿ ಮಾಡುವುದಾದರೆ ದಿನಕ್ಕೆ ಮೂರು ಸಲವಾದರೂ ಬೇಕು. ಸೊಪ್ಪು ಕೊಯ್ದು, ಹುಳುವಿಗೆ ಹಾಕಿ, ಕಸ ತೆಗೆದು, ಅದರ ಮಧ್ಯೆ ಇದು ಯಾರಿಗೆ ನೆನಪಿರುತ್ತದೆ? ಕೊಟ್ಟ ದುಡ್ಡಿಗೆ ಅರ್ಧ ಈ ರೋಲರಿಗೇ ಸಂದಿತು ಅಂದುಕೊಳ್ಳಿ. ಒಂದು ಎಚ್ಚರಿಕೆ: ಹ್ಯಾಟೆ (ಹೊಸದಾಗಿ ಮೊಟ್ಟೆಗೆ ಬಂದ ಎಳೆ ಕೋಳಿ) ಇಡುವ ಮೊದಮೊದಲ ಪುಟ್ಟ ಮೊಟ್ಟೆಗಳು ಎರಡು ರೋಲರ್ ಸಂದಿಯಲ್ಲಿ ಕೂತುಬಿಡುತ್ತವೆ, ತಿರುಗುವುದಿಲ್ಲ. ಮೊಟ್ಟೆಯ ಒಂದು ಕಡೆ ಪೆನ್ಸಿಲ್ಲಲ್ಲಿ ಸೊನ್ನೆ, ಇನ್ನೊಂದು ಕಡೆ ಅಡ್ಡಗೀಟು ಹಾಕಿಟ್ಟರೆ ಯಾವುದು ಸೋಮಾರಿ ಅಂತ ಗೊತ್ತಾಗುತ್ತದೆ. ಅಂಥ ಪುಟ್ಟ ಮೊಟ್ಟೆ ಸಾರಿಗೇ ಲಾಯಕ್ಕು. ಅದರಿಂದ ಮರಿ ಬಂದರೂ ಪುಟ್ಟದೇ ಬರುತ್ತದೆ.

ಇನ್ನು ತೇವಾಂಶ. ಮೊದಲ 18 ದಿನ ಒಳಗೆ ಶೇ 50-55 ಇರಬೇಕು. ಕೊನೆಯ ಮೂರು ದಿನ 65-70. ಮೊಟ್ಟೆ ಅಷ್ಟೂ ದಿನ ಚಿಪ್ಪಿನ ಸಣ್ಣ ತೂತುಗಳಿಂದ ನೀರು ಕಳೆದುಕೊಳ್ಳುತ್ತಾ ಇರುತ್ತದೆ. ನೀರು ಹೋದಷ್ಟೂ ದಪ್ಪ ತುದಿಯಲ್ಲಿರುವ ಗಾಳಿ ಚೀಲ ದೊಡ್ಡದಾಗುತ್ತದೆ. ಮರಿ ಮೊದಲ ಉಸಿರು ಎಳೆಯುವುದು ಆ ಚೀಲದ ಗಾಳಿಯಿಂದಲೇ. ತೇವ ಜಾಸ್ತಿಯಾದರೆ ಚೀಲ ಬೆಳೆಯುವುದಿಲ್ಲ, ಮರಿ ಒಳಗೇ ಉಸಿರುಕಟ್ಟಿ ಸಾಯುತ್ತದೆ. ಕಡಿಮೆಯಾದರೆ ಪೊರೆ ಒಣಗಿ ಮರಿಯ ಮೈಗೆ ಬಿಗಿದುಕೊಳ್ಳುತ್ತದೆ, ಹೊರಳಲು ಆಗುವುದಿಲ್ಲ.

ಮಿಷನ್ 68 ತೋರಿಸುತ್ತಿತ್ತು. ನಮ್ಮ ಕಡೆಯ ಮಾರ್ಚ್ ತಿಂಗಳು, ತುಟಿ ಒಡೆಯುವ ಒಣ ಹವೆ, ತೇವಕ್ಕೆಂದು ನೀರು ತುಂಬುವ ಪೆಟ್ಟಿಗೆಯ ಎರಡು ಕಾಲುವೆಯಲ್ಲಿ ಒಂದಕ್ಕೆ ಮಾತ್ರ ನೀರು. ಇಷ್ಟರಲ್ಲಿ 68 ಎಲ್ಲಿಂದ ಬರಬೇಕು? ಇನ್ನೂರು ಚಿಲ್ಲರೆ ಕೊಟ್ಟು ತೇವ ಅಳೆಯುವ ಬೇರೆ ಒಂದು ಸಣ್ಣ ಹೈಗ್ರೋಮೀಟರ್ ತರಿಸಿದೆ. ಅದನ್ನು ಸುಮ್ನೆ ನಂಬುವುದೂ ಬೇಡ ಅಂತ ಉಪ್ಪಿನ ಪರೀಕ್ಷೆಗೆ ಇಟ್ಟೆ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಒದ್ದೆಯಾಗುವಷ್ಟು ನೀರು ಹಾಕಬೇಕು. ಕರಗಿಹೋಗಬಾರದು, ಕೆಸರಿನಂತಿರಬೇಕು. ಮುಚ್ಚಳ, ಮೀಟರ್ ಎರಡನ್ನೂ ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಒಂದು ರಾತ್ರಿ ಬಿಡಬೇಕು. ಒದ್ದೆ ಉಪ್ಪಿನ ಮೇಲಿನ ಗಾಳಿ ಯಾವಾಗಲೂ 75ಕ್ಕೆ ಬಂದು ನಿಲ್ಲುತ್ತದೆ. ನನ್ನ ಮೀಟರ್ 74 ತೋರಿಸಿತು. ಪರವಾಗಿಲ್ಲ ಅಂತ ಮಿಷನ್ ಒಳಗೆ ಇಟ್ಟೆ. ಬಂದದ್ದು 52. ಮಿಷನ್ ಮಾತ್ರ ತನ್ನ ಪಾಡಿಗೆ 68 ಅನ್ನುತ್ತಲೇ ಇತ್ತು. ಅದರ ಮಾತು ಕೇಳಿ ಜಾಸ್ತಿ ಆಯಿತು ಅಂತ ನೀರು ಕಡಿಮೆ ಮಾಡುವವರ ಗತಿ ಏನು?

ಮೀಟರೇ ಬೇಡ ಅನ್ನುವವರಿಗೆ ಇನ್ನೊಂದು ದಾರಿ ಇದೆ. ಅಡುಗೆ ಮನೆಯ ಡಿಜಿಟಲ್ ತಕ್ಕಡಿ. 18ನೇ ದಿನಕ್ಕೆ ಮೊಟ್ಟೆ ತನ್ನ ತೂಕದಲ್ಲಿ ಶೇ 11-13ರಷ್ಟು ಕಳೆದುಕೊಂಡಿರಬೇಕು. ಹತ್ತು ಮೊಟ್ಟೆ ಸೇರಿ ಮೊದಲ ದಿನ 450 ಗ್ರಾಂ ಇದ್ದರೆ, ಆ ಹೊತ್ತಿಗೆ 395ರ ಆಸುಪಾಸು ತೂಗಬೇಕು. ಅದಕ್ಕಿಂತ ಜಾಸ್ತಿ ತೂಗಿದರೆ ನೀರು ಕಡಿಮೆ ಮಾಡಿ, ಕಡಿಮೆ ತೂಗಿದರೆ ನೀರು ಹೆಚ್ಚಿಸಿ. ಏಳನೇ ದಿನ, ಹದಿನಾಲ್ಕನೇ ದಿನ ತೂಗುತ್ತಾ ಬಂದರೆ ತಿದ್ದಿಕೊಳ್ಳಲು ಸಮಯ ಸಿಗುತ್ತದೆ. ನೀರು ಹಾಕಲು ಹೊರಗಿನಿಂದಲೇ ತೂತು ಕೊಟ್ಟಿದ್ದಾರೆ, ಅದು ಒಳ್ಳೆಯದು. ಉಗುರು ಬೆಚ್ಚಗಿನ ನೀರೇ ಹಾಕಿ.

"ಕೋಳಿ ಪುಕ್ಕಟೆ ಮಾಡೋ ಕೆಲಸಕ್ಕೆ ಕರೆಂಟ್ ಬಿಲ್ ಕಟ್ತೀಯಲ್ಲಮ್ಮಾ" ಅಂದರು ನಮ್ಮತ್ತೆ. ಅವರ ಮಾತಲ್ಲಿ ನ್ಯಾಯ ಇದೆ. ಹೀಟರ್ ಹತ್ತಿ ಆರಿ ಮಾಡುವುದರಿಂದ ದಿನಕ್ಕೆ ಹೆಚ್ಚುಕಮ್ಮಿ ಒಂದು ಯೂನಿಟ್ ಎಳೆಯುತ್ತದೆ. ಗೃಹಜ್ಯೋತಿ ಇದೆಯಲ್ಲ ಅನ್ನಬೇಡಿ. ಅದು ನಮ್ಮ ಹಳೆಯ ಸರಾಸರಿಗಿಂತ ಸ್ವಲ್ಪ ಮೇಲಿನವರೆಗೆ ಮಾತ್ರ. ಬಿಲ್ಲಿಗಿಂತ ದೊಡ್ಡ ತಲೆನೋವು ಕರೆಂಟ್ ಹೋಗುವುದು. ಹಿಂದೆ 12 ವೋಲ್ಟ್ ಬ್ಯಾಟರಿಗೆ ಎರಡು ತಂತಿ ಕೊಟ್ಟಿದ್ದಾರೆ, ಕೆಲಸ ಮಾಡುತ್ತದೆ. ಒಂದರ್ಧ ಗಂಟೆ ಹೋದರೆ ಗಾಬರಿ ಬೇಡ. ಕೋಳಿ ಕೂಡ ದಿನಕ್ಕೊಮ್ಮೆ ಮೇವಿಗೆ, ನೀರಿಗೆ ಅಂತ ಎದ್ದು ಹೋಗುತ್ತದೆ ಅಲ್ವಾ? ಮೊಟ್ಟೆ ಸ್ವಲ್ಪ ಹೊತ್ತು ತಣ್ಣಗಾದರೆ ತಡೆಯುತ್ತದೆ. ಬಿಸಿ ಹೆಚ್ಚಾದರೆ ತಡೆಯುವುದಿಲ್ಲ. 40 ಡಿಗ್ರಿ ದಾಟಿತೋ, ಮುಗಿಯಿತು. ಹಾಗಾಗಿ ಕಿಟಕಿ ಬಿಸಿಲು ಬೀಳುವ ಕಡೆ ಮಿಷನ್ ಇಡಲೇಬೇಡಿ. ಹುಳು ಮನೆಯಲ್ಲೂ ಬೇಡ. ಬ್ಲೀಚಿಂಗು, ಫಾರ್ಮಾಲಿನ್ ಹೊಡೆಯುವ ಜಾಗ ಅದು. ಆ ಘಾಟು ಮೊಟ್ಟೆಗೂ ಆಗದು.

ಕರೆಂಟ್ ವಾಪಸ್ ಬಂದಾಗ ಮಿಷನ್ ಹೊಡೆದುಕೊಳ್ಳುವ ಬೀಪ್ ಇದೆಯಲ್ಲ, ಅದನ್ನು ಆಫ್ ಮಾಡುವ ಗುಂಡಿ ಕೊಡದವರಿಗೆ ರಾತ್ರಿ ಎರಡು ಗಂಟೆಗೆ ನಮ್ಮ ಮನೆಯಲ್ಲಿ ಬಂದು ಮಲಗಲು ಹೇಳಬೇಕು.

ಮೊಟ್ಟೆ ಬಗ್ಗೆ ಎರಡೇ ಮಾತು. ಅಂಗಡಿಯ ಬಿಳಿ ಮೊಟ್ಟೆ ತಂದು ಇಟ್ಟರೆ ಮರಿ ಬರುವುದಿಲ್ಲ. ಆ ಫಾರಂಗಳಲ್ಲಿ ಹುಂಜವೇ ಇರುವುದಿಲ್ಲ. ಮನೆಯದೇ ಮೊಟ್ಟೆ ಇರಲಿ, ಏಳು ದಿನ ದಾಟಿರಬಾರದು, ತೊಳೆಯಬಾರದು, ಚೂಪು ತುದಿ ಕೆಳಗಿಟ್ಟು ತಂಪಾದ ಕಡೆ ಇಡಬೇಕು. ಏಳನೇ ದಿನ ಕತ್ತಲಲ್ಲಿ ಮೊಬೈಲ್ ಟಾರ್ಚ್ ಹಿಡಿದರೆ ಒಳಗೆ ಕಪ್ಪು ಚುಕ್ಕಿ, ಅದರ ಸುತ್ತ ಕೆಂಪು ನರಗಳು ಕಾಣುತ್ತವೆ. ಕಾಣದೆ ಬರೀ ಬೆಳಕು ತೂರಿದರೆ ತೆಗೆದುಬಿಡಿ.

18ನೇ ದಿನ ರೋಲರ್ ಪೂರ್ತಿ ಹೊರಗೆ ತೆಗೆಯಬೇಕು. ಬಿಟ್ಟರೆ ಹುಟ್ಟಿದ ಮರಿಯ ಕಾಲು ಸಂದಿಗೆ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಕೊಟ್ಟಿರುವ ಪ್ಲಾಸ್ಟಿಕ್ ತಟ್ಟೆ ನುಣುಪು. ಅದರ ಮೇಲೆ ಮರಿ ಎದ್ದರೆ ಕಾಲು ಎರಡೂ ಕಡೆ ಜಾರಿ ಕವೆಯಾಗುತ್ತದೆ, ಆಮೇಲೆ ಸರಿಪಡಿಸುವುದು ಕಷ್ಟ. ಶೆಲ್ಫಿಗೆ ಹಾಸುವ ತರಿತರಿ ರಬ್ಬರ್ ಮ್ಯಾಟ್ ಕತ್ತರಿಸಿ ಹಾಸಿದೆ. ಐವತ್ತು ರೂಪಾಯಿ ಕೆಲಸ, ಅದನ್ನು ಅವರೇ ಮಾಡಬಹುದಿತ್ತು.

20ನೇ ದಿನ ಕಿವಿ ಇಟ್ಟರೆ ಚಿಪ್ಪಿನೊಳಗಿಂದಲೇ ಚೀಂವ್ ಕೇಳಿಸುತ್ತದೆ. ದಪ್ಪ ತುದಿಯ ಹತ್ತಿರ ಒಂದು ಚೂರು ಚಿಪ್ಪು ಮೇಲೆದ್ದಿರುತ್ತದೆ. ಅದರ ಸಂದಿಯಲ್ಲಿ ಕೊಕ್ಕಿನ ತುದಿ, ಆ ತುದಿಯ ಮೇಲೆ ಬಿಳಿ ಹರಳಿನಂಥ ಹಲ್ಲು. ಆಮೇಲೆ ಗಂಟೆಗಟ್ಟಲೆ ಏನೂ ನಡೆಯುವುದಿಲ್ಲ. ಇಲ್ಲೇ ಎಲ್ಲರ ಕೈ ಕಡಿಯುವುದು. ಪಾಪ, ಸಿಕ್ಕಿಹಾಕಿಕೊಂಡಿದೆ, ಬಿಡಿಸೋಣ ಅಂತ. ಬೇಡ. ಒಳಗೆ ಮರಿ ಪೊರೆಯ ನರಗಳಲ್ಲಿರುವ ರಕ್ತವನ್ನು, ಉಳಿದ ಹಳದಿಯನ್ನು ಮೈಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ಈಗ ಚಿಪ್ಪು ಕಿತ್ತರೆ ರಕ್ತ ಬರುತ್ತದೆ. ಮುಚ್ಚಳ ತೆಗೆದರೂ ಆವಿ ಹೋಗಿ ಪಕ್ಕದ ಮೊಟ್ಟೆಗಳ ಪೊರೆ ಒಣಗುತ್ತದೆ. ತನ್ನ ಸಮಯ ಬಂದಾಗ ಅದೇ ಸುತ್ತ ತಿರುಗುತ್ತಾ ಚಿಪ್ಪನ್ನು ಟೋಪಿ ಬಿಚ್ಚಿದ ಹಾಗೆ ಬಿಚ್ಚುತ್ತದೆ. ಹುಟ್ಟಿದ ಮರಿಗೆ ಹೊಟ್ಟೆಯ ಹಳದಿಯೇ ಎರಡು ದಿನಕ್ಕೆ ಊಟ. ಮೈ ಒಣಗುವವರೆಗೆ ಪೆಟ್ಟಿಗೆಯಲ್ಲೇ ಇರಲಿ.

ಫಲ ಕಟ್ಟಿದ ಮೊಟ್ಟೆಗಳಲ್ಲಿ ನನಗೆ ಹತ್ತಕ್ಕೆ ಎಂಟರ ಲೆಕ್ಕ ಬರುತ್ತಿದೆ. ಒಳ್ಳೆ ಕೋಳಿ ಹತ್ತಕ್ಕೆ ಒಂಬತ್ತು ಕೊಡುತ್ತದೆ ಅಂತ ಅತ್ತೆ ಆಗಾಗ ನೆನಪಿಸುತ್ತಾರೆ. ಆದರೆ ಆ ಕೋಳಿ ಮೂರು ವಾರ ಕಾವಿಗೆ ಕೂತು, ಆಮೇಲೆ ಎರಡು ತಿಂಗಳು ಮರಿಗಳ ಹಿಂದೆ ಓಡಾಡುತ್ತದೆ. ಅಷ್ಟು ದಿನ ಒಂದು ಮೊಟ್ಟೆ ಇಲ್ಲ. ಕಾವು ಬಿಡಿಸಿದರೆ ಎರಡು ಮೂರು ವಾರದಲ್ಲಿ ಮತ್ತೆ ಮೊಟ್ಟೆಗೆ ಬರುತ್ತದೆ. ಮಿಷನ್ನಿನ ನಿಜವಾದ ಲಾಭ ಇದು. ಇನ್ನೊಂದು, ಕೋಳಿ ನಮ್ಮ ಕ್ಯಾಲೆಂಡರ್ ನೋಡಿ ಕಾವಿಗೆ ಕೂರುವುದಿಲ್ಲ. ಯುಗಾದಿ ಮಾರನೇ ದಿನ ಹೊಸತೊಡಕಿಗೆ ನಾಟಿ ಕೋಳಿಗೆ ಹೇಳಿದ್ದೇ ಬೆಲೆ. ಹುಂಜ ಒಂದು ಕಿಲೋ ದಾಟಲು ನಾಲ್ಕೈದು ತಿಂಗಳು ಬೇಕು. ಅಂದರೆ ದೀಪಾವಳಿ ಹೊತ್ತಿಗೆ ಮರಿ ಕೈಯಲ್ಲಿರಬೇಕು. ಆ ಲೆಕ್ಕ ಮಿಷನ್ನಿನಲ್ಲಿ ಮಾತ್ರ ಸಾಧ್ಯ.

ಮಿಷನ್ ಮರಿ ತಬ್ಬಲಿ, ಅದು ನಿಜ. ಮೊದಲ ವಾರ ಬುಟ್ಟಿಯಲ್ಲಿ ಬಲ್ಬ್ ಹಾಕಿ 32-35 ಡಿಗ್ರಿ ಕೊಡಬೇಕು, ಆಮೇಲೆ ವಾರವಾರ ಇಳಿಸುತ್ತಾ ಬರಬೇಕು. ಹದ್ದು ಬಂದರೆ ಅಡಗಿಕೊಳ್ಳಲು ಹೇಳಿಕೊಡುವ ತಾಯಿ ಇಲ್ಲ. ಇದಕ್ಕೆ ಅತ್ತೆ ಒಂದು ಉಪಾಯ ಹೇಳಿದರು. ಮಿಷನ್ನಿಗೆ ಮೊಟ್ಟೆ ಹಾಕುವ ದಿನವೇ ಕಾವಿಗೆ ಬಂದ ಒಂದು ಕೋಳಿಯ ಕೆಳಗೂ ಐದಾರು ಮೊಟ್ಟೆ ಇಟ್ಟುಬಿಡುವುದು. ಎರಡೂ ಕಡೆ ಒಂದೇ ದಿನ ಮರಿ ಆಗುತ್ತವೆ. ರಾತ್ರಿ ಕತ್ತಲಲ್ಲಿ ಮಿಷನ್ ಮರಿಗಳನ್ನು ಒಂದೊಂದಾಗಿ ಅದರ ರೆಕ್ಕೆ ಕೆಳಗೆ ಸರಿಸಬೇಕು. ಬೆಳಗ್ಗೆ ಎದ್ದರೆ ಎಲ್ಲವೂ ಅದರದ್ದೇ. ಹುಟ್ಟಿದ ಒಂದೆರಡು ದಿನದೊಳಗೆ ಆದರೆ ಒಪ್ಪಿಕೊಳ್ಳುತ್ತದೆ, ತಡವಾದರೆ ಕುಕ್ಕುತ್ತದೆ. ಹದಿನೈದು ಮರಿಯವರೆಗೆ ಒಂದು ಕೋಳಿ ಆರಾಮಾಗಿ ಸಾಕುತ್ತದೆ.

ಸರ್ವಿಸ್ ಅಂತ ಏನೂ ಇಲ್ಲ. ಫ್ಯಾನ್ ಕೆಟ್ಟಾಗ ಮಾರಿದವರಿಗೆ ಮೆಸೇಜ್ ಮಾಡಿದೆ. ನೋಡಿದರು, ಉತ್ತರ ಬರಲಿಲ್ಲ. ಪೇಟೆಯ ರಿಪೇರಿ ಅಂಗಡಿಯ ಹುಡುಗ ಹಳೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಕೂರಿಸಿಕೊಟ್ಟ. ಅದು ಮೊದಲಿನದಕ್ಕಿಂತ ಚೆನ್ನಾಗಿ ಓಡುತ್ತಿದೆ. ಮಿಷನ್ ಕೊಳ್ಳುವಾಗಲೇ ಅಂಥದ್ದೊಂದು ಫ್ಯಾನ್ ತಂದಿಟ್ಟುಕೊಳ್ಳಿ.

ನಾಲ್ಕು ಕೋಳಿ ಇರುವ ಮನೆಗೆ ಇದು ಬೇಡ. ಏಳು ದಿನದೊಳಗೆ ಪೆಟ್ಟಿಗೆ ತುಂಬುವಷ್ಟು ಮೊಟ್ಟೆಯೇ ಆಗುವುದಿಲ್ಲ, ಕೋಳಿಯನ್ನೇ ಕೂರಿಸಿ. ಇಪ್ಪತ್ತು ಮೂವತ್ತು ಕೋಳಿ, ಒಂದು ಬ್ಯಾಟರಿ, ಬೇರೆ ಹೈಗ್ರೋಮೀಟರ್ ಇದ್ದರೆ ಧಾರಾಳವಾಗಿ ಕೊಳ್ಳಿ. ಐದಕ್ಕೆ ಮೂರೂವರೆ ಕೊಡುತ್ತೇನೆ.

ಕೊಳ್ಳುವವರು ಅಕ್ಕಪಕ್ಕದ ಮನೆಯವರನ್ನೂ ಕೇಳಿ ಮಿಷನ್ನಿಗೆ ಮೊಟ್ಟೆ ಹಾಕುವ ದಿನ ಗೊತ್ತು ಮಾಡಿಕೊಳ್ಳಿ. ಮರಿ ಹುಟ್ಟಿದ ಐದರಿಂದ ಏಳನೇ ದಿನದೊಳಗೆ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಕಣ್ಣಿಗೋ ಮೂಗಿಗೋ ಒಂದು ಹನಿ ಬಿಡಬೇಕು. ಬಾಟಲಿ ಕನಿಷ್ಠ 100 ಮರಿಗೆ ಬರುತ್ತದೆ. ಕಲಸಿದ ಮೇಲೆ ಐಸಿನಲ್ಲಿಟ್ಟುಕೊಂಡು ಒಂದೆರಡು ಗಂಟೆಯೊಳಗೆ ಮುಗಿಸಬೇಕು, ನಾಳೆಗೆ ಇಡುವಂತಿಲ್ಲ. ನಮ್ಮ ಬೀದಿಯಲ್ಲಿ ಈಗ ಮೂರು ಮನೆಯವರು ಸೇರಿ ಒಂದೇ ಬಾಟಲಿ ತರಿಸುತ್ತೇವೆ.